ಅಕ್ಕನ ದೆಹಲಿ

ನಮ್ಮ ಬೀದಿಯವರ ಪ್ರಕಾರ ಅಕ್ಕ ಎರಡು ವರ್ಷ ದೆಹಲಿಯಲ್ಲಿದ್ದಳು, ಐಎಎಸ್ ಕೋಚಿಂಗಿಗೆ. ವಿಜಯನಗರದಲ್ಲಿ ಇದಕ್ಕಿಂತ ಸಲೀಸಾದ ಸುಳ್ಳು ಇನ್ನೊಂದಿಲ್ಲ. ಇಲ್ಲಿ ಮೂರು ಮನೆಗೊಬ್ಬರು ಯಾವುದಾದರೊಂದು ಪರೀಕ್ಷೆಗೆ ಓದುತ್ತಿರುತ್ತಾರೆ. ಬಾಡಿಗೆ ರೂಮು, ಮೆಸ್ಸು, ಜೆರಾಕ್ಸ್ ಅಂಗಡಿ ಎಲ್ಲವೂ ಅವರನ್ನೇ ನೆಚ್ಚಿಕೊಂಡಿವೆ. ಪಾಸಾಯಿತೇ ಎಂದು ಯಾರೂ ಯಾರನ್ನೂ ಕೆದಕುವುದಿಲ್ಲ. ಕೆದಕಿದರೆ ತಮ್ಮ ಮನೆಯ ಮಾತೂ ಹೊರಗೆ ಬರುತ್ತದೆ. ಅಪ್ಪಾಜಿ ಇದನ್ನೆಲ್ಲ ಯೋಚಿಸಿಯೇ ದೆಹಲಿಯನ್ನು ಆರಿಸಿದ್ದರು. ಧಾರವಾಡ ಎಂದಿದ್ದರೆ ದಾವಣಗೆರೆ ಕಡೆಯ ನೆಂಟರು ಯಾರಾದರೂ ಒಂದು ದಿನ ಹೋಗಿ ನೋಡಿಕೊಂಡು ಬಂದುಬಿಡುತ್ತಿದ್ದರು.

ಅಕ್ಕ ನಿಜವಾಗಿ ಇದ್ದದ್ದು ಮೊದಲು ಐದು ವಾರ ಆಸ್ಪತ್ರೆಯಲ್ಲಿ, ಆಮೇಲೆ ನಮ್ಮದೇ ಮನೆಯ ಟೆರೇಸಿನ ರೂಮಿನಲ್ಲಿ.

ಇತಿಹಾಸದ ಎಂ.ಎ.ಯಲ್ಲಿ ಎರಡು ಪೇಪರು ಬಾಕಿ ಇರುವಾಗ ಅವಳು, ಪಕ್ಕದ ಮನೆಯ ಮಿಕ್ಸಿ ತನ್ನ ಹೆಸರು ಹಿಡಿದು ಬೈಯುತ್ತದೆ ಎಂದಳು. ಮೊದಲ ದಿನ ನಾವು ನಕ್ಕೆವು. ತಾನು ಹೋಗಿ ಆ ಮಿಕ್ಸಿಯ ಹತ್ತಿರ ತಪ್ಪಾಯಿತು ಎಂದು ಕೇಳಿಕೊಳ್ಳಬೇಕು ಎಂದು ಚಪ್ಪಲಿ ಮೆಟ್ಟಿಕೊಂಡಾಗ ನಗು ನಿಂತಿತು. ಆಸ್ಪತ್ರೆಯಿಂದ ಬಂದ ಮೇಲೆ ಮಾತ್ರೆಗಳು ಒಂದೊಂದಾಗಿ ಆ ದನಿಗಳನ್ನು ಕಳಿಸಿಕೊಟ್ಟವು. ಅಷ್ಟರಲ್ಲಿ ಅವಳು ದೆಹಲಿಗೆ ಹೋಗಿ ಆಗಿತ್ತು. ಆದ್ದರಿಂದ ಟೆರೇಸಿನಲ್ಲಿ ಹಗಲು ಓಡಾಡುವ ಹಾಗಿಲ್ಲ, ಬೀದಿ ಕಡೆಯ ಕಿಟಕಿ ತೆಗೆಯುವ ಹಾಗಿಲ್ಲ, ಜೋರಾಗಿ ಸೀನುವ ಹಾಗಿಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಹೊರಗಿನಿಂದ ಬೀಗ ಹಾಕಿ ಒಳಗೊಂದು ಬಕೆಟ್ ಇಟ್ಟಿದ್ದೆವು. ಹನ್ನೊಂದಕ್ಕೆ ಬಂದವರು ನಾಲ್ಕು ಗಂಟೆಯವರೆಗೆ ಕೂತರು. ಬೀಗ ತೆಗೆದಾಗ ಅಕ್ಕ ಬಾಯಿಗೆ ದುಪಟ್ಟಾ ತುರುಕಿಕೊಂಡು ಮೂಲೆಯಲ್ಲಿದ್ದಳು. ಕೆಮ್ಮು ಬಂದಿತ್ತಂತೆ. ನಾನು ಕೆಳಗೆ ಉಳಿದಿದ್ದ ಎರಡು ಜಾಮೂನು ತಂದುಕೊಟ್ಟೆ. ಹುಡುಗ ಹೇಗಿದ್ದಾನೆ ಎಂದು ಕೇಳಿ, ನನ್ನ ಎದುರೇ ಎರಡನ್ನೂ ತಿಂದಳು.

ಕಳೆದ ಯುಗಾದಿಗೆ ಅಪ್ಪಾಜಿ ಅವಳನ್ನು ದೆಹಲಿಯಿಂದ ಕರೆಸಿಕೊಂಡರು. ಅಂದರೆ ಮೆಟ್ಟಿಲು ಇಳಿದು ಬರಲು ಬಿಟ್ಟರು. ಕೆಂಗೇರಿಯಲ್ಲಿ ಒಂದು ಕೇಂದ್ರವಿತ್ತು. ಕಾಯಿಲೆಯಿಂದ ಎದ್ದವರನ್ನು ಮತ್ತೆ ಕೆಲಸಕ್ಕೆ, ಓದಿಗೆ ಹಚ್ಚುವುದು ಅವರ ಕೆಲಸ. ಕಂಪ್ಯೂಟರ್ ಕ್ಲಾಸು ಎಂದು ಬೀದಿಗೆ ಹೇಳಿ ಅಕ್ಕ ದಿನಾ ಮೆಟ್ರೋ ಹತ್ತಿ ಅಲ್ಲಿಗೆ ಹೋದಳು. ಮೊದಲು ಕಾಗದದ ಕವರು ಮಾಡಿದಳು, ಆಮೇಲೆ ಅಲ್ಲಿನ ಪುಸ್ತಕದ ಕಪಾಟು ನೋಡಿಕೊಂಡಳು. ಅಲ್ಲಿನ ರಾಗಿಣಿ ಮೇಡಂ ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟಿದ್ದರು. ನಡುವೆ ಗೆರೆ ಎಳೆದು ಎಡಕ್ಕೆ ‘ಇದ್ದದ್ದು’, ಬಲಕ್ಕೆ ‘ಇಲ್ಲದ್ದು’ ಎಂದು ಬರೆಯಬೇಕು. ದಿನ ಕಳೆದ ಮೇಲೆ ಕಂಡದ್ದು ಕೇಳಿದ್ದೆಲ್ಲವನ್ನೂ ಒಂದು ಕಡೆಗೆ ಹಾಕಬೇಕು. ಅನುಮಾನ ಬಂದರೆ ನಂಬಿಕೆಯ ಒಬ್ಬರನ್ನು ಕೇಳಬೇಕು. ಅಕ್ಕನ ಪುಸ್ತಕದ ಮೊದಲ ಪುಟದಲ್ಲಿ, ಕೇಳಬೇಕಾದವರು ಎಂಬಲ್ಲಿ, ನನ್ನ ಹೆಸರಿತ್ತು. ಅಪೂರ್ವ, ತಂಗಿ.

ಸೆಪ್ಟೆಂಬರಿನಲ್ಲಿ ರಾಗಿಣಿ ಮೇಡಂ ಅವಳಿಗೆ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆಯ ರೀಡಿಂಗ್ ರೂಮಿನಲ್ಲಿ ಕೆಲಸ ಹುಡುಕಿಕೊಟ್ಟರು. ಅದರ ಮಾಲೀಕ ಬಸವಕುಮಾರ್ ತಾವೇ ನಾಲ್ಕು ಸಲ ಕೆಎಎಸ್ ಬರೆದು ಸೋತು, ಓದುವವರಿಗೆ ಕುರ್ಚಿ ಹಾಕುವ ಕಸುಬು ಹಿಡಿದವರು. ಪ್ಲೈವುಡ್ಡಿನ ಎಂಬತ್ತು ಕ್ಯಾಬಿನ್, ಒಂದೊಂದಕ್ಕೂ ಒಂದು ಟ್ಯೂಬ್‌ಲೈಟು, ಬಾಗಿಲ ಹತ್ತಿರ ಒಂದು ಮೇಜು. ಆ ಮೇಜು ಅಕ್ಕನದು. ಹಾಜರಿ ಹಾಕುವುದು, ನೀರಿನ ಕ್ಯಾನು ತರಿಸುವುದು, ಫ್ಯಾನಿನ ಕೆಳಗಿನ ಸೀಟಿಗೆ ಜಗಳ ಆಗದ ಹಾಗೆ ನೋಡಿಕೊಳ್ಳುವುದು. ಕಾಯಿಲೆಯ ವಿಷಯ ಬಸವಕುಮಾರ್ ಒಬ್ಬರಿಗೇ ಗೊತ್ತು. ಮೂರು ತಿಂಗಳು ಸರಿಯಾಗಿ ನಡೆಸಿದರೆ ಕೆಲಸ ಕಾಯಂ. ಜೊತೆಗೆ ಒಂದು ಕ್ಯಾಬಿನ್ ಅವಳಿಗೇ, ಅಲ್ಲಿ ಕೂತು ಓದಿ ಜನವರಿಯ ಕೊನೆಗೆ ಆ ಎರಡು ಪೇಪರು ಬರೆಯಬೇಕು. ಅಕ್ಕ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹದಿನೈದಕ್ಕೆ ಸುತ್ತು ಹಾಕಿದಳು. ಅವಳಿಗೆ ಲೋಕದಲ್ಲಿ ಬೇಕಾಗಿದ್ದದ್ದು ಆ ಒಂದು ದಿನ.

ಅಪ್ಪಾಜಿಗೆ ಬೇರೆ ಚಿಂತೆ. ರೀಡಿಂಗ್ ರೂಮಿನ ಹುಡುಗರು ದೆಹಲಿಯ ಬಗ್ಗೆ ಕೇಳದೆ ಬಿಡುತ್ತಾರೆಯೇ? ನನ್ನ ನಿಶ್ಚಿತಾರ್ಥ ಆಗಿತ್ತು. ಗಂಡು ಚನ್ನವೀರೇಶ್ ರಾಜಾಜಿನಗರದವನು, ಅವನ ತಾಯಿ ಸರ್ವಮಂಗಳಮ್ಮನಿಗೆ ವಿಜಯನಗರದ ತುಂಬ ಬಳಗ. ಹಾಗಾಗಿ ಊಟ ಆದ ಮೇಲೆ ಅಪ್ಪಾಜಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಪಾಠ ಒಪ್ಪಿಸಿಕೊಳ್ಳತೊಡಗಿದರು. ಯಾವ ಏರಿಯಾ, ಯಾವ ಕೋಚಿಂಗು, ಯಾರ ಮನೆ.

“ಇಲ್ಲದ್ದನ್ನ ಇದೆ ಅನ್ನಬಾರದು ಅಂತ ಡಾಕ್ಟ್ರು ಹೇಳಿದಾರೆ ಅಪ್ಪಾಜಿ,” ಎಂದಳು ಅಕ್ಕ ಮೊದಲ ದಿನ. “ಎರಡು ವರ್ಷ ಅದನ್ನೇ ಕಲ್ತಿದೀನಿ.”

“ಅದು ಬೇರೆ, ಇದು ಬೇರೆ,” ಎಂದಳು ಅಮ್ಮ. “ಅದು ಕಾಯಿಲೆ. ಇದು ಮನೆಗೋಸ್ಕರ.”

ನಾನು ಬೆರಳಿನ ಉಂಗುರ ತಿರುಗಿಸುತ್ತ ಕೂತಿದ್ದೆ. ಅಕ್ಕ ಉಂಗುರವನ್ನು ನೋಡಿದಳು. ಆಯ್ತು, ಹೇಳುವುದೇ ಆದರೆ ಸರಿಯಾಗಿ ಹೇಳುತ್ತೇನೆ ಎಂದಳು.

ಸರಿಯಾಗಿಯೇ ಹೇಳಿದಳು. ನಮ್ಮಿಬ್ಬರನ್ನೂ ಬೆಳೆಸಿದ್ದು ಅಜ್ಜಿ, ರೊಟ್ಟಿ ತಟ್ಟುತ್ತ ತಟ್ಟುತ್ತಲೇ ಕತೆ ಹೇಳುತ್ತಿದ್ದವಳು. ಕತೆಯೊಳಗೆ ಉಣಬಡಿಸುವವರೊಬ್ಬರು, ಕಾಡುವವರೊಬ್ಬರು ಇರಲೇಬೇಕು, ಇಲ್ಲದಿದ್ದರೆ ಮಕ್ಕಳು ನಿದ್ದೆ ಹೋಗುತ್ತವೆ ಎನ್ನುತ್ತಿದ್ದಳು. ನಾನು ಕೇಳಿ ನಿದ್ದೆ ಹೋದವಳು. ಅಕ್ಕ ಎಚ್ಚರವಿದ್ದು ಕಲಿತವಳು. ಅವಳು ಬಿಮಲಾ ಆಂಟಿ ಎಂಬ ಮನೆಯೊಡತಿಯನ್ನು ಸೃಷ್ಟಿಸಿದಳು. ಬಾಡಿಗೆ ಒಂದು ದಿನ ತಡವಾದರೆ ಗೀಜರಿನ ಫ್ಯೂಸು ಕೀಳುವ, ಜ್ವರ ಬಂದರೆ ಮಡಿಲಲ್ಲಿ ಮಲಗಿಸಿಕೊಂಡು ಮೂಲಂಗಿ ಪರಾಠ ತಿನ್ನಿಸುವ ವಿಧವೆ. ಮಹಡಿಯ ಮೇಲೆ ಒಂದು ಮಂಗವನ್ನೂ ಇಟ್ಟಳು. ಅದು ಅವಳ ಪಾಲಿಟಿ ನೋಟ್ಸು ಕದ್ದಿತ್ತು.

ಒಂದು ಸಂಜೆ ಅವಳನ್ನು ಕರೆತರಲು ಹೋದಾಗ ಟೀ ಅಂಗಡಿಯ ಮುಂದೆ ಏಳೆಂಟು ಜನ ಅವಳ ಸುತ್ತ ನಿಂತಿದ್ದರು. ಹಾವೇರಿ ಕಡೆಯ ರಾಜೇಂದ್ರ ಎಂಬ ಹುಡುಗ ಕೇಳುತ್ತಿದ್ದ:

“ಆ ಮಂಗ ಆಮೇಲೆ ಪ್ರಿಲಿಮ್ಸ್ ಬರೀತಾ ಅಕ್ಕ?”

“ಬರೀತು. ಕಟಾಫ್‌ಗೆ ಎರಡು ಮಾರ್ಕ್ಸ್ ಕಮ್ಮಿ ಬಂತು, ಪಾಪ.”

“ನನಗಿಂತ ವಾಸಿ ಬಿಡು ಗುರು ಅದು,” ಎಂದು ಇನ್ನೊಬ್ಬ ಗೊಣಗಿದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು ಎಂದು ನೆನಪಿಸಿಕೊಳ್ಳಲು ಹೋಗಿ ನನಗೆ ಆಗಲಿಲ್ಲ. ಅವರು ಅವಳನ್ನು ದಿಲ್ಲಿ ಅಕ್ಕ ಎಂದು ಕರೆಯುತ್ತಿದ್ದರು. ಫೇಲಾದವರು ಬಂದು ಅವಳ ಮೇಜಿನ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದರು. ಸೀಟು ತುಂಬಿದ್ದು ಅವಳಿಂದ ಎಂದು ಬಸವಕುಮಾರ್ ರಾಗಿಣಿ ಮೇಡಂಗೆ ಫೋನು ಮಾಡಿ ಹೇಳಿದರಂತೆ.

ಡಿಸೆಂಬರ್ ಮೊದಲ ಭಾನುವಾರ ಸರ್ವಮಂಗಳಮ್ಮ ಸೀರೆಗಳ ಕಂತೆ ಹಿಡಿದು ಮನೆಗೆ ಬಂದರು, ಜೊತೆಗೆ ಅವರ ತಂಗಿಯ ಮಗಳು ಅಮೂಲ್ಯಾ. ಅಮೂಲ್ಯಾಳನ್ನು ಜೂನ್‌ಗೆ ದೆಹಲಿಯ ಕೋಚಿಂಗಿಗೆ ಕಳಿಸುವುದೆಂದು ಅವರ ಮನೆಯಲ್ಲಿ ತೀರ್ಮಾನವಾಗಿತ್ತು. ಸೀರೆ ನೋಡಿ ಮುಗಿಯಿತು, ಮಂಡಕ್ಕಿ ಮೆಣಸಿನಕಾಯಿ ಮುಗಿಯಿತು. ಆಗ ಸರ್ವಮಂಗಳಮ್ಮ ಅಕ್ಕನ ಕಡೆ ತಿರುಗಿ ಮೊಬೈಲು ತೆಗೆದರು.

“ಆ ಬಿಮಲಾ ಆಂಟಿ ನಂಬರ್ ಕೊಡಮ್ಮ ಶಿವರಂಜನಿ. ನಾನೇ ಮಾತಾಡ್ತೀನಿ. ಇವಳನ್ನ ಅವರ ಮನೇಲೇ ಇಡೋಣ.”

ಅಪ್ಪಾಜಿಯ ಕೈಯಲ್ಲಿ ಟೀ ಲೋಟ ನಿಂತಲ್ಲೇ ನಿಂತಿತು. ಅಮ್ಮ ಅಡುಗೆಮನೆಗೆ ಎದ್ದಳು. ಅಕ್ಕ ಮಾತ್ರ ತಲೆ ತಗ್ಗಿಸಿದಳು.

“ಅವರು ಹೋಗ್ಬಿಟ್ರು ಆಂಟಿ,” ಎಂದಳು. “ದೀಪಾವಳಿ ಆದ್ಮೇಲೆ. ನಂಗೂ ಮೊನ್ನೆ ಗೊತ್ತಾಯ್ತು.”

ಅಷ್ಟಕ್ಕೆ ನಿಲ್ಲಿಸಿದ್ದರೆ ಸಾಕಾಗಿತ್ತು. ಆದರೆ ಅವಳು ಹೇಳುತ್ತ ಹೋದಳು: ಒಬ್ಬರೇ ಇದ್ದರಂತೆ, ಬಾಗಿಲು ಒಳಗಿನಿಂದ ಹಾಕಿತ್ತಂತೆ, ಕೂಗಿದ್ದು ಬೀದಿಗೆ ಕೇಳಲಿಲ್ಲವಂತೆ. ಹೇಳುತ್ತ ಹೇಳುತ್ತ ಅತ್ತಳು. ಸೆರಗಿಲ್ಲದ್ದಕ್ಕೆ ಎರಡೂ ಅಂಗೈಗಳಲ್ಲಿ ಮುಖ ಹುಗಿದುಕೊಂಡು, ಬೆನ್ನು ಅಲುಗುವ ಹಾಗೆ, ದನಿ ತೆಗೆದು ಅತ್ತಳು. ಸರ್ವಮಂಗಳಮ್ಮ ಅವಳ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡು, ಎಂಥಾ ಮೆದು ಮನಸ್ಸಿನ ಹುಡುಗಿ ನಿಮ್ಮದು ಎಂದು ಅಪ್ಪಾಜಿಗೆ ಹೇಳಿದರು. ಅಮೂಲ್ಯಾಳ ಕಣ್ಣೂ ಒದ್ದೆಯಾಯಿತು.

ಅವರ ಕಾರು ತಿರುವು ದಾಟಿದ ಮೇಲೆ ಅಮ್ಮ ಬಾಗಿಲು ಹಾಕಿ, ಅಲ್ಲೇ ಒರಗಿ ನಿಂತು, ಹುಟ್ಟದೇ ಇದ್ದವಳು ಸತ್ತಳೆಂದು ಅಳುತ್ತಾಳಲ್ಲ ಎಂದಳು. ಅಪ್ಪಾಜಿ ಮಾತ್ರೆಯ ಡಬ್ಬಿ ತೆಗೆದು ಎಣಿಸಿದರು. ಒಂದೂ ತಪ್ಪಿರಲಿಲ್ಲ. ಹಾಗಾದರೆ ಮಾತ್ರೆಯನ್ನೂ ಮೀರಿತು ಎಂದರು.

ನಾನು ಅಕ್ಕನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ, ಯಾಕೆ ಹಾಗೆ ಅತ್ತೆ ಎಂದು ಕೇಳಿದೆ.

“ಮೇಲಿನ ರೂಮಲ್ಲಿ ಅಳೋ ಹಾಗಿರ್ಲಿಲ್ವಲ್ಲೇ, ಸದ್ದಾಗತ್ತೆ ಅಂತ,” ಎಂದಳು. “ಇವತ್ತು ಎಲ್ಲರ ಮುಂದೆ ಅಳೋಕೆ ಒಂದು ನೆಪ ಸಿಕ್ತು. ಬಿಡ್ಲಾ?”

ಅವಳ ಕಣ್ಣು ತಿಳಿಯಾಗಿತ್ತು. ಸುಲಿದ ಕಾಳಿನಲ್ಲಿ ಹುಳುಕು ಬಂದದ್ದನ್ನು ಆರಿಸಿ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಳು. ಅಕ್ಕನಿಗೆ ಏನೂ ಆಗಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನಬಾರದು.

ಮಾರನೆಯ ದಿನ ಸರ್ವಮಂಗಳಮ್ಮನ ಫೋನು. ಅಮೂಲ್ಯಾ ಮುಂದಿನ ವಾರದಿಂದ ಅದೇ ರೀಡಿಂಗ್ ರೂಮಿಗೆ ಸೇರುತ್ತಾಳೆ, ಶಿವರಂಜನಿಯ ಪಕ್ಕದಲ್ಲೇ ಕೂತು ಎಲ್ಲ ಕೇಳಿ ಬರೆದುಕೊಳ್ಳುತ್ತಾಳೆ. ಮದುವೆಗೆ ಇನ್ನೂ ಎಂಟು ವಾರವಿತ್ತು. ಎಂಟು ವಾರ ದಿನಾ ಒಬ್ಬಳು ಪೆನ್ನು ಹಿಡಿದು ದೆಹಲಿಯನ್ನು ಕೇಳುತ್ತ ಕೂತರೆ ಏನಾಗುತ್ತದೆ? ಫೋಟೋ ತೋರಿಸಿ ಎನ್ನುತ್ತಾಳೆ, ಕೋಚಿಂಗಿನ ಐಡಿ ಕಾರ್ಡು ಎಲ್ಲಿ ಎನ್ನುತ್ತಾಳೆ. ಬಸವಕುಮಾರ್ ಬಾಯಿ ಜಾರಿದರೂ ಸಾಕು. ಅಪ್ಪಾಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ನಮ್ಮನ್ನೆಲ್ಲ ಕೆಂಗೇರಿಗೆ ಹೊರಡಿಸಿದರು.

ರಾಗಿಣಿ ಮೇಡಂ ಮುಂದೆ ಅಪ್ಪಾಜಿ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವಳು ದೆಹಲಿಯಲ್ಲಿದ್ದೆ ಎನ್ನುತ್ತಾಳೆ. ಇಲ್ಲದ ಹೆಂಗಸೊಬ್ಬಳ ಮಾತಾಡುತ್ತಾಳೆ. ಆ ಹೆಂಗಸು ಸತ್ತಳೆಂದು ಅತ್ತಳು. ಮೇಡಂ ಅಲ್ಲಿಂದಲೇ ಬಸವಕುಮಾರ್‌ಗೆ ಫೋನು ಮಾಡಿದರು. ಹೌದು, ಹುಡುಗರಿಗೆ ಹೇಳುತ್ತಿರುತ್ತಾರೆ, ಕಾಯಿಲೆಗೆ ಮುಂಚೆ ಹೋಗಿ ಬಂದಿರಬೇಕು ಎಂದುಕೊಂಡಿದ್ದೆ ಎಂದರಂತೆ ಅವರು. ಮೇಡಂ ಅಕ್ಕನ ಕಡೆ ತಿರುಗಿದರು.

“ಅಪ್ಪಾಜಿನೇ ಹೇಳ್ಕೊಟ್ಟಿದ್ದು ಮೇಡಂ,” ಎಂದಳು ಅಕ್ಕ. “ನಾನು ದಿನಾ ಬರೆದಿಟ್ಟಿದೀನಿ. ದಿಲ್ಲಿಯೆಲ್ಲ ಬಲಗಡೆಗಿದೆ. ಬುಕ್ಕು ನನ್ನ ಮೇಜಿನ ಡ್ರಾಯರಲ್ಲಿದೆ, ನೋಡಿ ಬೇಕಾದ್ರೆ.”

ಅಪ್ಪಾಜಿ ಕೈ ಮುಗಿದರು. ಮಗಳ ಬಾಯಲ್ಲಿ ಸುಳ್ಳು ಹೇಳಿಸುವ ತಂದೆ ಎಲ್ಲಾದರೂ ಇದ್ದಾನೆಯೇ ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು, ಅದೂ ನಿಜವಾದದ್ದೇ. ಮೇಡಂ ಗಡಿಯಾರ ನೋಡಿ, ಡಾಕ್ಟರು ಮಧ್ಯಾಹ್ನ ಮೂರಕ್ಕೆ ಬರುತ್ತಾರೆ, ಅಷ್ಟರೊಳಗೆ ಆ ಪುಸ್ತಕ ಬೇಕು ಎಂದರು.

“ಅಪೂ ತರ್ತಾಳೆ,” ಎಂದಳು ಅಕ್ಕ.

ಮೆಟ್ರೋದಲ್ಲಿ ವಿಜಯನಗರಕ್ಕೆ ಬಂದೆ. ಡ್ರಾಯರಿನಲ್ಲಿ ಸ್ಟೇಪ್ಲರು, ಗುಂಡುಪಿನ್ನು, ಅವಳ ಬಾಚಣಿಗೆ, ಅದರ ಕೆಳಗೆ ಪುಸ್ತಕ. ನಿಂತೇ ಓದಿದೆ. ಎಡಗಡೆ: ಹದಿನಾರನೇ ಸೀಟಿನ ಹುಡುಗಿಗೆ ಜ್ವರ, ಮನೆಗೆ ಕಳಿಸಿದೆ. ನೀರಿನವನು ಎರಡು ಕ್ಯಾನು ಕಮ್ಮಿ ಕೊಟ್ಟ. ಬಲಗಡೆ: ಬಿಮಲಾ ಆಂಟಿ. ಮಂಗ. ಮೂಲಂಗಿ ಪರಾಠ. ಮಂಗದ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ‘ಹುಡುಗರಿಗೆ ಇಷ್ಟ’ ಎಂದಿತ್ತು. ಆ ಭಾನುವಾರದ ಪುಟದಲ್ಲಿ ಎಡಗಡೆ ಒಂದೇ ಸಾಲು: ಇವತ್ತು ಅತ್ತೆ. ಬಲಗಡೆ: ಬಿಮಲಾ ಆಂಟಿ ತೀರಿಕೊಂಡರು. ಎಲ್ಲೂ ಒಂದಕ್ಷರ ಆಚೀಚೆ ಆಗಿರಲಿಲ್ಲ. ನನ್ನ ತಲೆಯೊಳಗೂ ಅಷ್ಟು ನೇರವಾದ ಗೆರೆ ಇರಲಿಲ್ಲ.

ಇದನ್ನು ಕೊಟ್ಟರೆ ಅಕ್ಕ ಸೋಮವಾರ ಮೇಜಿಗೆ ಬರುತ್ತಾಳೆ. ಅಮೂಲ್ಯಾಳೂ ಬರುತ್ತಾಳೆ.

ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದೆ. ಹಿತ್ತಲ ಬಾಗಿಲ ಹತ್ತಿರ ರದ್ದಿ ಪೇಪರಿನ ಕಟ್ಟು ಇತ್ತು. ನಡುವೆ ಸೇರಿಸಿ ದಾರ ಬಿಗಿದೆ. ಅವತ್ತು ಗುರುವಾರ, ರದ್ದಿಯವನು ಬರುವ ದಿನವೇ. ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಎರಡು ತುತ್ತು ಊಟವನ್ನೂ ಮಾಡಿದೆ. ಎರಡೂವರೆಗೆ ಕೆಂಗೇರಿಗೆ ಮುಟ್ಟಿ, ಡ್ರಾಯರೆಲ್ಲ ಹುಡುಕಿದೆ ಮೇಡಂ, ಅಂಥ ಪುಸ್ತಕ ಯಾವುದೂ ಇರಲಿಲ್ಲ ಎಂದೆ.

ಅಕ್ಕ ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಲೆಕ್ಕ ತಪ್ಪಿದ ಮಗು ಸ್ಲೇಟು ನೋಡುವ ಹಾಗೆ.

ಡಾಕ್ಟರು ಮಾತ್ರೆ ಎರಡರಷ್ಟು ಮಾಡಿದರು. ಕೆಲಸ ಸದ್ಯಕ್ಕೆ ಬೇಡ, ಕೇಂದ್ರದ ಹಾಸ್ಟೆಲಿನಲ್ಲೇ ಇರಲಿ, ಮೂರು ತಿಂಗಳಾದ ಮೇಲೆ ನೋಡೋಣ ಎಂದರು. ಅವತ್ತು ಡಿಸೆಂಬರ್ ಹನ್ನೊಂದು.

ಬೀದಿಗೆ ಏನು ಹೇಳುವುದೆಂದು ಅಪ್ಪಾಜಿ ಯೋಚಿಸಬೇಕಾಗಲೇ ಇಲ್ಲ. ಅಕ್ಕ ಇನ್ನೊಂದು ಅಟೆಂಪ್ಟಿಗೆ ಮತ್ತೆ ದೆಹಲಿಗೆ ಹೊರಟಳು. ಎರಡು ದಿನ ಮನೆಯಲ್ಲಿದ್ದು ಬಟ್ಟೆ ಜೋಡಿಸಿಕೊಂಡಳು. ಮಾತ್ರೆಗೆ ಆಗಲೇ ಕಾಲು ಎಳೆಯುತ್ತಿತ್ತು. ಆಟೋ ಬಂದಾಗ ರೀಡಿಂಗ್ ರೂಮಿನ ಹುಡುಗರು ಹತ್ತು ಹನ್ನೆರಡು ಜನ ಗೇಟಿನ ಮುಂದಿದ್ದರು. ಎಲ್ಲರೂ ಸೇರಿ ಒಂದು ಕೆಂಪು ಉಣ್ಣೆ ಶಾಲು ತಂದಿದ್ದರು. ಅಲ್ಲಿ ಚಳಿ ಜೋರಂತಲ್ಲ ಅಕ್ಕ ಎಂದು ರಾಜೇಂದ್ರ ಅದನ್ನು ಅವಳ ಹೆಗಲಿಗೆ ಹೊದಿಸಿ, ಈ ಸಲ ಕ್ಲಿಯರ್ ಮಾಡಿಕೊಂಡೇ ಬನ್ನಿ ಎಂದ. ಫ್ಯಾನಿನ ಕೆಳಗೆ ಕೂತು ಓದಬೇಡ, ಕತ್ತು ಹಿಡಿಯುತ್ತದೆ ಎಂದು ಅಕ್ಕ ಅವನಿಗೆ ಹೇಳಿದಳು. ಪಕ್ಕದ ಮನೆಯವರು ಮೊಸರು ಸಕ್ಕರೆ ತಂದು ತಿನ್ನಿಸಿದರು. ಆಟೋದಲ್ಲಿ ನಾವಿಬ್ಬರೇ. ದೀಪಾಂಜಲಿ ನಗರ ದಾಟಿ ಮೈಸೂರು ರಸ್ತೆಗೆ ಬಿದ್ದ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಶಾಲಿನೊಳಗೆ ಬೆವರುತ್ತ, ಅವಳು ಕೇಳಿದಳು.

“ಡ್ರಾಯರ್ ಪೂರ್ತಿ ಎಳೆದು ನೋಡಿದ್ಯಾ ಅಪೂ?”

“ನೋಡ್ದೆ ಅಕ್ಕ.”

ಅವಳು ಮೊಣಕಾಲಿನ ಮೇಲೆ ಬೆರಳಿನಿಂದ ಉದ್ದಕ್ಕೆ ಒಂದು ಗೆರೆ ಎಳೆದಳು.

“ಹಂಗಾದ್ರೆ ನಾನು ಬರೆದೇ ಇಲ್ವೇನೋ,” ಎಂದಳು. “ಬರೆದ ಹಾಗೆ ಅನ್ಸಿರ್ಬೇಕು.”

ಇಲ್ಲ ಅಕ್ಕ, ಬರೆದಿದ್ದೆ ಎನ್ನಲು ಕೆಂಗೇರಿಯವರೆಗೆ ಮೂರು ಸಿಗ್ನಲ್ ಸಿಕ್ಕವು. ಮೂರರಲ್ಲೂ ಆಟೋ ನಿಂತಿತು.

ಜನವರಿ ಕೊನೆಗೆ ಪರೀಕ್ಷೆ ಬಂದು ಹೋಯಿತು. ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮೇಜಿಗೆ ಬಸವಕುಮಾರ್ ಬೇರೆ ಹುಡುಗಿಯನ್ನು ಇಟ್ಟುಕೊಂಡರು. ಫೆಬ್ರವರಿಯಲ್ಲಿ ಬಸವೇಶ್ವರನಗರದ ಕಲ್ಯಾಣ ಮಂಟಪದಲ್ಲಿ ನನ್ನ ಮದುವೆ. ಅಕ್ಕನಿಗೆ ಟೆಸ್ಟ್ ಸೀರೀಸ್ ಇದೆ, ಬಿಟ್ಟು ಬರುವ ಹಾಗಿಲ್ಲ ಎಂದಿದ್ದೆವು. ಅಷ್ಟಕ್ಕೆ ಸರ್ವಮಂಗಳಮ್ಮ ಒಪ್ಪಲಿಲ್ಲ, ಅಕ್ಷತೆ ಆದ ತಕ್ಷಣ ವಿಡಿಯೋ ಕಾಲ್ ಮಾಡಿಸಲೇಬೇಕು ಎಂದರು. ನಾನು ಹಿಂದಿನ ದಿನವೇ ಹಾಸ್ಟೆಲಿಗೆ ಫೋನು ಮಾಡಿ ಅಕ್ಕನಿಗೆ ಹೇಳಿಕೊಟ್ಟಿದ್ದೆ: ಶಾಲು ಹೊದ್ದುಕೋ, ಬರಿ ಗೋಡೆಯ ಮುಂದೆ ಕೂರು, ಒಂದೇ ನಿಮಿಷ.

ಹಾಗೇ ಕೂತಿದ್ದಳು. ಮುಖ ಊದಿತ್ತು, ಬಾಯಿಯ ಒಂದು ತುದಿ ಒದ್ದೆಯಾಗಿತ್ತು. ಓದಿ ಓದಿ ಎಷ್ಟು ಬಳಲಿದಾಳೆ ನೋಡಿ ಎಂದರು ಯಾರೋ ಹಿಂದಿನಿಂದ. ಓಲಗದವರು ಉಸಿರು ಬಿಡಲು ನಿಲ್ಲಿಸಿದ್ದರು. ಸರ್ವಮಂಗಳಮ್ಮ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ಸುತ್ತ ನಿಂತ ಬಳಗಕ್ಕೆಲ್ಲ ಕಾಣುವ ಹಾಗೆ ಎತ್ತಿ ಹಿಡಿದರು.

“ಏನಮ್ಮ ಶಿವರಂಜನಿ, ದಿಲ್ಲೀಲಿ ಚಳಿ ಹೆಂಗಿದೆ?”

ಅಕ್ಕ ನಿಧಾನವಾಗಿ ಬಲಕ್ಕೆ ತಿರುಗಿ ನೋಡಿದಳು. ಅಲ್ಲಿ ಕಿಟಕಿ ಇರಬೇಕು, ಬೆಳಕು ಅವಳ ಕೆನ್ನೆಯ ಮೇಲಿತ್ತು. ಆಮೇಲೆ ಎಡಕ್ಕೆ ನೋಡಿದಳು. ಆಮೇಲೆ ಪರದೆಯೊಳಗೆ ಅಷ್ಟು ಮುಖಗಳ ನಡುವೆ ನನ್ನನ್ನು ಹುಡುಕಿದಳು.

“ಅಪೂ,” ಎಂದಳು. “ನಾನು ಎಲ್ಲಿದೀನೇ?”

ಸುತ್ತಲಿನವರು ಗೊಳ್ಳೆಂದು ನಕ್ಕರು. ಏನು ತಮಾಷೆ ಮಾಡ್ತಾಳಪ್ಪ ಈ ಹುಡುಗಿ ಎಂದು ಸರ್ವಮಂಗಳಮ್ಮ ಕಣ್ಣೊರೆಸಿಕೊಂಡರು. ಅಪ್ಪಾಜಿ ನಗಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಕ್ಕ ಕಾಯುತ್ತಿದ್ದಳು. ಅವಳಿಗೆ ನಿಜವಾಗಿ ಉತ್ತರ ಬೇಕಾಗಿತ್ತು.

“ದಿಲ್ಲೀಲಿದೀಯ ಅಕ್ಕ,” ಎಂದೆ.

ಅವಳು ತಲೆಯಾಡಿಸಿದಳು. ಶಾಲನ್ನು ಕತ್ತಿನವರೆಗೆ ಎಳೆದುಕೊಂಡಳು.

“ಹೌದು,” ಎಂದಳು. “ಚಳಿ ಇದೆ.”